ನಲವತ್ತರ ಮೇಲೆ ಚಪ್ಪಲಿ ಸೈಜು ಬದಲಾದರೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಪಾಂಡವಪುರದ ಹತ್ತಿರ ಹಳ್ಳಿ. ಯಜಮಾನರಿಗೆ 44 ವರ್ಷ, ಟ್ರ್ಯಾಕ್ಟರಿನಲ್ಲಿ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಾರೆ. ಮೂರು ವರ್ಷದಿಂದ ತಲೆನೋವು, ರಾತ್ರಿ ಗೊರಕೆ, ಆಮೇಲೆ ಶುಗರ್ರು ಬಿಪಿ ಎರಡೂ ಬಂತು. ಎಂಟನೇ ನಂಬರ್ ಚಪ್ಪಲಿ ಹಾಕುತ್ತಿದ್ದವರಿಗೆ ಈಗ ಹತ್ತು ಬೇಕು. ಉಂಗುರ ಕತ್ತರಿಸಿ ತೆಗೆಸಬೇಕಾಯಿತು. ಈ ವರ್ಷ ಎರಡು ಸಲ ಟ್ರೈಲರ್ ಪಕ್ಕದ ಗಾಡಿಗೆ ಉಜ್ಜಿದೆ. ಮೈಸೂರಿನಲ್ಲಿ ಎಂಆರ್‌ಐ ಮಾಡಿ, ಪಿಟ್ಯುಟರಿಯಲ್ಲಿ 22 ಮಿಲಿಮೀಟರ್ ಗಡ್ಡೆ, ಮೂಗಿನ ಮೂಲಕ ಆಪರೇಷನ್ ಎಂದಿದ್ದಾರೆ. ತಲೆಯೊಳಗಿನ ಗಡ್ಡೆ ಅಂದರೆ ಕ್ಯಾನ್ಸರ್ ಅಲ್ವಾ? ನಮ್ಮತ್ತೆ ನಾಟಿ ಔಷಧಿ ನೋಡೋಣ ಅಂತಿದ್ದಾರೆ.

ಉತ್ತರ: ತಾಯಿ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ಈ ಜಾಗದ ಗಡ್ಡೆಗಳು ಹೆಚ್ಚುಕಡಿಮೆ ಯಾವುವೂ ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹರಡುವುದು ತೀರಾ ಅಪರೂಪ. ಇವತ್ತು ರಾತ್ರಿ ಸ್ವಲ್ಪ ನಿದ್ದೆ ಮಾಡಿ.

ಪಿಟ್ಯುಟರಿ ಅನ್ನುವುದು ಕಡಲೆಕಾಳಿನಷ್ಟು ಗ್ರಂಥಿ. ಮೆದುಳಿನ ಕೆಳಗೆ, ಮೂಗಿನ ಬುಡದ ಹಿಂದೆ, ಮೂಳೆಯ ಒಂದು ಪುಟ್ಟ ಗುಳಿಯಲ್ಲಿ ಕೂತಿರುತ್ತದೆ. ನಿಮ್ಮ ಊರಿನ ಮಾತಿನಲ್ಲೇ ಹೇಳುವುದಾದರೆ ಇದು ನಾಲೆಯ ತೂಬು ಇದ್ದ ಹಾಗೆ. ಥೈರಾಯ್ಡಿಗೆ, ಮುಟ್ಟಿಗೆ, ಹಾಲಿಗೆ, ಬೆಳವಣಿಗೆಗೆ, ಯಾವ ಗದ್ದೆಗೆ ಎಷ್ಟು ನೀರು ಅಂತ ಇಲ್ಲೇ ತೀರ್ಮಾನ. ಯಜಮಾನರ ಬಗ್ಗೆ ನೀವು ಹೇಳಿರುವುದನ್ನು ನೋಡಿದರೆ ಬೆಳವಣಿಗೆಯ ಹಾರ್ಮೋನಿನ ತೂಬು ತೆರೆದೇ ಉಳಿದಿರುವ ಹಾಗಿದೆ. ಮಕ್ಕಳಿಗೆ ಹೀಗಾದರೆ ಎತ್ತರ ಬೆಳೆಯುತ್ತಾರೆ. ದೊಡ್ಡವರಲ್ಲಿ ಮೂಳೆ ಉದ್ದವಾಗುವುದು ನಿಂತಿರುತ್ತದೆ, ಹಾಗಾಗಿ ಕೈ, ಪಾದ, ದವಡೆ, ಮೂಗು ದಪ್ಪವಾಗುತ್ತವೆ. ಇದಕ್ಕೆ ಆಕ್ರೊಮೆಗಲಿ ಅನ್ನುತ್ತಾರೆ. ಶುಗರ್ರು, ಬಿಪಿ, ಗೊರಕೆ, ವಿಪರೀತ ಬೆವರು ಇದರ ಜೊತೆಗೇ ಬರುತ್ತವೆ. ಬೆಳವಣಿಗೆಯ ಹಾರ್ಮೋನು ಜಾಸ್ತಿ ಇದೆಯೇ ಎಂದು ತೋರಿಸುವ ಐಜಿಎಫ್-1 ಅನ್ನುವ ರಕ್ತಪರೀಕ್ಷೆ ಮಾಡಿಸಿದ್ದಾರಾ ಕೇಳಿ. ಮದುವೆಯ ಫೋಟೊ ಒಂದನ್ನು ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ದಿನಾ ನೋಡುವವರಿಗೆ ಮುಖ ಬದಲಾದದ್ದು ಗೊತ್ತಾಗುವುದಿಲ್ಲ, ಹಳೇ ಫೋಟೊ ಇಟ್ಟರೆ ಥಟ್ಟನೆ ಗೊತ್ತಾಗುತ್ತದೆ. ಇಷ್ಟು ವರ್ಷ ಶುಗರ್ ಒಬ್ಬರ ಹತ್ತಿರ, ತಲೆನೋವು ಇನ್ನೊಬ್ಬರ ಹತ್ತಿರ ತೋರಿಸಿರುತ್ತೀರಿ, ಚಪ್ಪಲಿ ವಿಷಯ ಯಾರಿಗೂ ಹೇಳಿರುವುದಿಲ್ಲ. ಅದಕ್ಕೇ ಈ ಕಾಯಿಲೆ ಸಿಕ್ಕಿಬೀಳಲು ವರ್ಷಗಟ್ಟಲೆ ಹಿಡಿಯುತ್ತದೆ.

ನನಗೆ ನಿಜವಾಗಿ ಭಯವಾದದ್ದು ಟ್ರೈಲರ್ ಉಜ್ಜಿದ ವಿಷಯ ಓದಿ. ಗ್ರಂಥಿಯ ಸರಿ ಮೇಲೆ ಎರಡೂ ಕಣ್ಣಿನ ನರಗಳು ಸೇರುತ್ತವೆ. ಗಡ್ಡೆ ಮೇಲಕ್ಕೆ ಬೆಳೆದು ಅಲ್ಲಿ ಒತ್ತಿದರೆ ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಎರಡೂ ಪಕ್ಕದ್ದು ಮರೆಯಾಗುತ್ತದೆ. ಗೋಡೆಯ ಮೇಲಿನ ಅಕ್ಷರ ಕೊನೇ ಸಾಲಿನವರೆಗೂ ಓದಿಬಿಡುತ್ತಾರೆ, ಕಣ್ಣು ಸರಿ ಇದೆ ಎಂದು ಮನೆಗೆ ಬರುತ್ತಾರೆ! ಪಕ್ಕದ ನೋಟ ಅಳೆಯಲು ಫೀಲ್ಡ್ ಟೆಸ್ಟ್ ಅಂತ ಬೇರೆ ಇದೆ, ಅದನ್ನೇ ಕೇಳಿ ಮಾಡಿಸಿ. ಅದರ ಫಲಿತಾಂಶ ನೋಡಿ ಡಾಕ್ಟರು ಒಪ್ಪುವವರೆಗೆ ಅವರು ಸ್ಟಿಯರಿಂಗ್ ಮುಟ್ಟುವುದು ಬೇಡ. ಸೀಸನ್ ಹಾಳಾಗುತ್ತದೆ ಅಂತ ಗೊತ್ತು, ಆದರೂ ಬೇಡ.

ಮೂಗು ಯಾಕೆ ಅಂದರೆ ಅದೇ ಹತ್ತಿರದ ದಾರಿ. ತಲೆಬುರುಡೆ ತೆರೆಯದೆ, ಮೆದುಳನ್ನು ಸರಿಸದೆ, ದುರ್ಬೀನು ಹಾಕಿ ಕೆಳಗಿನಿಂದ ಗಡ್ಡೆ ತೆಗೆಯುತ್ತಾರೆ. ಈ ಆಪರೇಷನ್ ಜಾಸ್ತಿ ಮಾಡಿ ಕೈ ಪಳಗಿದವರ ಹತ್ತಿರವೇ ಮಾಡಿಸಿ, ಅದರಿಂದ ನಿಜವಾಗಿಯೂ ವ್ಯತ್ಯಾಸವಾಗುತ್ತದೆ. ಆಮೇಲೆ ಕೆಲವು ವಾರ ಮೂಗು ಜೋರಾಗಿ ಸೀನಬಾರದು, ಭಾರ ಎತ್ತಬಾರದು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ತಡೆಯಲಾಗದ ದಾಹ ಆಗಿ ಬಿಂದಿಗೆಗಟ್ಟಲೆ ನೀರು ಕುಡಿದು ಹೊಯ್ಯುತ್ತಿದ್ದರೆ ಕೂಡಲೇ ತಿಳಿಸಿ. ಸ್ವಲ್ಪ ಗಡ್ಡೆ ಉಳಿದರೆ ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಇದೆ, ಬೇಕಾದರೆ ರೇಡಿಯೇಷನ್ ಇದೆ. ಹಾರ್ಮೋನ್ ಹಿಡಿತಕ್ಕೆ ಬಂದರೆ ಶುಗರ್ರು, ಬಿಪಿ ಎಷ್ಟೋ ಜನರಿಗೆ ಸುಧಾರಿಸುತ್ತವೆ. ಬೆರಳಿನ ಊತ ಇಳಿಯುತ್ತದೆ, ಆದರೆ ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ.

ನಿಮ್ಮತ್ತೆಯವರಿಗೆ ನನ್ನ ಹೆಸರಲ್ಲೇ ಹೇಳಿ: ಕಣ್ಣಿನ ನರ ಜಾಸ್ತಿ ದಿನ ಒತ್ತಿಸಿಕೊಂಡರೆ ಹೋದ ದೃಷ್ಟಿ ವಾಪಸ್ ಬರದೇ ಇರಬಹುದು. ನಾಟಿ ಔಷಧಿ ಅಂತ ಕಾಯುವ ಸಮಯ ಇದಲ್ಲ. ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದ ತಲೆನೋವು, ವಾಂತಿ, ಕಣ್ಣು ಮಂಜು ಅಥವಾ ರೆಪ್ಪೆ ಜೋತುಬೀಳುವುದು ಆದರೆ ಗಡ್ಡೆಯೊಳಗೆ ರಕ್ತ ಸೋರಿರಬಹುದು, ಮಧ್ಯರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೊರಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ವಿಚಾರಿಸಿ.

ಪ್ರಶ್ನೆ: ನನಗೆ 26, ಮೈಸೂರು, ಮದುವೆಯಾಗಿಲ್ಲ. ಐದು ತಿಂಗಳಿಂದ ಮುಟ್ಟಿಲ್ಲ, ಎದೆಯಿಂದ ಹಾಲಿನಂಥ ಹನಿ ಬರುತ್ತದೆ. ರಕ್ತಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) 68 ಬಂದಿದೆ, ಜಾಸ್ತಿಯಂತೆ. ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟರೆ ಬೇರೇನೂ ತಗೊಳ್ಳುತ್ತಿಲ್ಲ. ಅಮ್ಮ ಅಳುತ್ತಿದ್ದಾರೆ.

ಉತ್ತರ: ಆ ಮಾತ್ರೆಯ ಹಾಳೆ ತಿರುಗಿಸಿ ನೋಡಮ್ಮ. ಡಾಂಪೆರಿಡೋನ್ ಅಥವಾ ಲೆವೋಸಲ್‌ಪಿರೈಡ್ ಅಂತ ಇದೆಯಾ? ಅವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ನಮ್ಮಲ್ಲಿ ಗ್ಯಾಸಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಸುಮ್ನೆ ನುಂಗುವವರು ತುಂಬಾ ಜನ. ಡಾಕ್ಟರಿಗೆ ಹೇಳಿ, ಅವರು ನಿಲ್ಲಿಸಲು ಹೇಳಿದರೆ ನಿಲ್ಲಿಸಿ ಮತ್ತೆ ರಕ್ತಪರೀಕ್ಷೆ ಮಾಡಿಸು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ, ಅವನ್ನು ಮಾತ್ರ ಯಾರೂ ತಾವೇ ನಿಲ್ಲಿಸಬಾರದು. ಥೈರಾಯ್ಡ್ ಪರೀಕ್ಷೆಯೂ ಆಗಲಿ. ಗರ್ಭಿಣಿಯೇ ಅಂತ ಪರೀಕ್ಷೆ ಮಾಡುತ್ತಾರೆ, ಬೇಸರ ಬೇಡ, ಎಲ್ಲರಿಗೂ ಮಾಡುವುದೇ.

ಇವೆಲ್ಲ ಸರಿ ಇದ್ದೂ ಪ್ರೊಲ್ಯಾಕ್ಟಿನ್ ಇಳಿಯದಿದ್ದರೆ ಆಗ ಪಿಟ್ಯುಟರಿಯ ಎಂಆರ್‌ಐ. ಗಡ್ಡೆ ಕಂಡರೂ ಈ ಬಗೆಯದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಕ್ಯಾಬರ್ಗೊಲಿನ್ ಮಾತ್ರೆ, ವಾರಕ್ಕೆ ಒಂದೋ ಎರಡೋ ಸಲ, ಗಡ್ಡೆಯನ್ನೇ ಕುಗ್ಗಿಸುತ್ತದೆ. ಮೊದಮೊದಲು ತಲೆಸುತ್ತು, ಓಕರಿಕೆ ಬರುತ್ತದೆ, ಅದಕ್ಕೇ ರಾತ್ರಿ ಊಟದ ಜೊತೆ ತಗೊಳ್ಳಲು ಹೇಳುತ್ತಾರೆ. ಮುಂದೆ ಮಕ್ಕಳಾಗುವುದಿಲ್ಲ ಅನ್ನುವ ಭಯ ಅಮ್ಮನಿಗಿದ್ದರೆ, ಚಿಕಿತ್ಸೆ ಪಡೆದು ತಾಯಿಯಾದವರು ಬೇಕಾದಷ್ಟು ಜನ ಇದ್ದಾರೆ ಅಂತ ಹೇಳು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಗಂಡಸರಿಗೂ ಇದು ಬರುತ್ತದೆ. ಲೈಂಗಿಕ ಆಸಕ್ತಿ ಕುಗ್ಗಿತು ಅಂತ ಹೇಳಿಕೊಳ್ಳಲು ನಾಚಿ, ಕಣ್ಣು ಮಂಜಾದ ಮೇಲೆ ಬರುತ್ತಾರೆ.

ಪ್ರಶ್ನೆ: ಮಂಡ್ಯದಿಂದ, 58 ವರ್ಷ. ಪಿಟ್ಯುಟರಿ ಆಪರೇಷನ್ ಆಗಿ ಎರಡು ವರ್ಷ. ಚೆನ್ನಾಗಿದ್ದೇನೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಬಿಡಬಹುದೇ?

ಉತ್ತರ: ಬಿಡಬೇಡಿ ಸರ್. ಪಿಟ್ಯುಟರಿಯ ಆಜ್ಞೆ ಸಿಗದೆ ನಿಮ್ಮ ದೇಹ ತಯಾರಿಸಲಾಗದ ಹಾರ್ಮೋನನ್ನು ಆ ಮಾತ್ರೆ ತುಂಬಿಕೊಡುತ್ತಿದೆ, ನೀವು ಚೆನ್ನಾಗಿರುವುದು ಅದರಿಂದಲೇ. ಏಕಾಏಕಿ ನಿಲ್ಲಿಸಿದರೆ ಬಿಪಿ ಬಿದ್ದು ಪ್ರಾಣಕ್ಕೇ ಬರುತ್ತದೆ. ಜ್ವರ ಬಂದಾಗ ಸಾಮಾನ್ಯವಾಗಿ ಡೋಸ್ ದುಪ್ಪಟ್ಟು ಮಾಡಬೇಕಾಗುತ್ತದೆ, ನಿಮಗೆಷ್ಟು ಅಂತ ಮುಂಚೆಯೇ ಡಾಕ್ಟರ ಹತ್ತಿರ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಸ್ಟೀರಾಯ್ಡ್ ಮಾತ್ರೆ ನಿಲ್ಲಿಸುವಂತಿಲ್ಲ ಅಂತ ಒಂದು ಚೀಟಿ ಬರೆದು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರಿ, ಮನೆಯವರಿಗೂ ತೋರಿಸಿರಿ.