ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ವಿಡಿಯೊ ಕಾಲ್‌ನಲ್ಲಿ ಥೆರಪಿ: ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ಇಷ್ಟು: ತಾಳಿಕೋಟೆ ಹತ್ತಿರದ ಹಳ್ಳಿ, ಮಗನಿಗೆ ನಾಲ್ಕು ವರ್ಷ, ಸೆರೆಬ್ರಲ್ ಪಾಲ್ಸಿ (ಸಿ.ಪಿ.), ಅಂದರೆ ಮಿದುಳಿಗೆ ಆದ ಹಾನಿಯಿಂದ ಮೈಕೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಬೆಂಗಳೂರಿನ ಥೆರಪಿಸ್ಟ್ ಒಬ್ಬರು ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಫಿಸಿಯೋಥೆರಪಿ ಮಾಡಿಸುತ್ತೇನೆ ಅಂದಿದ್ದಾರೆ. "ಅವನು ಫೋನ್ ಕಡೆ ಎರಡು ನಿಮಿಷವೂ ನೋಡೋದಿಲ್ಲ. ಮುಟ್ಟದೆ ಎಂಥ ಥೆರಪಿ? ದುಡ್ಡು ದಂಡ ಅಲ್ವಾ?" ಅಂತ ಕೇಳಿದ್ದೀರಿ.

ನಾನು ವಿಜಯಪುರದಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ವಿಡಿಯೊ ಕಾಲ್ ಶುರು ಮಾಡಿದೆ, ಇವತ್ತಿಗೂ ಬಿಟ್ಟಿಲ್ಲ. ಅವನು ಫೋನ್ ನೋಡಬೇಕಾಗೇ ಇಲ್ಲ. ನೋಡದಿದ್ದರೇ ಒಳ್ಳೆಯದು. ಆ ಅರ್ಧ ಗಂಟೆ ಕಲಿಯಬೇಕಾದವರು ನೀವು. ಥೆರಪಿಸ್ಟ್ ನೋಡುವುದು ನಿಮ್ಮ ಕೈಯನ್ನು: ಎಲ್ಲಿ ಹಿಡಿದಿರಿ, ಯಾವಾಗ ಬಿಟ್ಟಿರಿ, ಎಷ್ಟು ಜೋರಾಗಿ ಒತ್ತಿದಿರಿ.

ಒಂದು ಉದಾಹರಣೆ ಹೇಳುತ್ತೇನೆ. ಹಿಮ್ಮಡಿ ನೆಲಕ್ಕೆ ತಾಗದೆ ತುದಿಗಾಲಲ್ಲಿ ನಿಲ್ಲುವ ಮಕ್ಕಳಿಗೆ ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಡುತ್ತೇವೆ. ಮನೆಯಲ್ಲಿ ಜಾಸ್ತಿ ಜನ ಮಾಡುವುದು ಏನೆಂದರೆ, ಪಾದದ ಮುಂಭಾಗ ಹಿಡಿದು ಮೇಲಕ್ಕೆ ಒತ್ತುತ್ತಾರೆ. ಪಾದ ಬಗ್ಗಿದ ಹಾಗೆ ಕಾಣುತ್ತದೆ. ಆದರೆ ಬಗ್ಗಿದ್ದು ಪಾದದ ನಡುಭಾಗ, ಹಿಮ್ಮಡಿ ಇದ್ದಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಹೀಗೇ ಮಾಡಿದರೆ ಉಪಯೋಗ ಇರಲಿ, ಪಾದದ ಆಕಾರವೇ ಕೆಡಬಹುದು. ಅಂಗೈಯಲ್ಲಿ ಹಿಮ್ಮಡಿಯನ್ನು ಹಿಡಿದು ಕೆಳಕ್ಕೆ ಎಳೆಯಬೇಕು, ಮೊಣಕಾಲು ನೆಟ್ಟಗಿರಬೇಕು. ಇದನ್ನು ಚೀಟಿಯಲ್ಲಿ ಬರೆದುಕೊಟ್ಟು ಪ್ರಯೋಜನವಿಲ್ಲ. ರೊಟ್ಟಿ ಬಡಿಯೋದನ್ನು ಕಲಿಸುವವರು ಪಕ್ಕದಲ್ಲೇ ಇದ್ದು "ಇಲ್ಲಿ ದಪ್ಪ ಆಯ್ತು ನೋಡು" ಅನ್ನಬೇಕಲ್ಲ, ಹಾಗೆ. ವಿಡಿಯೊದಲ್ಲಿ ಅಷ್ಟು ಆಗುತ್ತದೆ.

ಇನ್ನೊಂದು ಲಾಭ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಕ್ಲಿನಿಕ್‌ನಲ್ಲಿ ನಮಗೆ ಮಗು ಕಾಣುತ್ತದೆ, ಮನೆ ಕಾಣುವುದಿಲ್ಲ. ವಿಡಿಯೊದಲ್ಲಿ ಮನೆಯೇ ಕಾಣುತ್ತದೆ. ಪಡಸಾಲೆಯ ಕಟ್ಟೆ ಕಂಡರೆ ಸಾಕು, ಅಲ್ಲಿ ಕೂಡಿಸಿ ಎದ್ದು ನಿಲ್ಲಿಸುವ ಅಭ್ಯಾಸ ಮಾಡಿಸಬಹುದು. ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಎತ್ತರ ಇದ್ದರಾಯಿತು. ಹಳೆ ಕೌದಿಯನ್ನು ಬಿಗಿಯಾಗಿ ಸುತ್ತಿ ಎರಡು ಕಡೆ ದಾರ ಕಟ್ಟಿದರೆ ಎದೆಯ ಕೆಳಗೆ ಇಡುವ ರೋಲ್ ಆಯಿತು. ಅದಕ್ಕೆ ಅಂಗಡಿಯಲ್ಲಿ ಸುಮ್ನೆ ದುಡ್ಡು ಹಾಕಬೇಡಿ. ಮಗು ಎರಡೂ ಕಾಲನ್ನು ಹಿಂದಕ್ಕೆ, ಆಚೆ ಈಚೆ ಮಡಚಿ, ನಾವು ಬೇಡವೆನ್ನುವ ಭಂಗಿಯಲ್ಲಿ ಕೂತು ಟಿವಿ ನೋಡುವುದೂ ಆಗಲೇ ಕಣ್ಣಿಗೆ ಬೀಳುತ್ತದೆ.

ಊಟದ ಹೊತ್ತಿನಲ್ಲಿ ಒಂದು ಕಾಲ್ ಮಾಡಲು ನಾನೇ ಕೇಳುತ್ತೇನೆ. ನಮ್ಮ ಕಡೆ ದೊಡ್ಡ ಮಕ್ಕಳನ್ನೂ ತೊಡೆ ಮೇಲೆ ಅಂಗಾತ ಮಲಗಿಸಿ ಗಂಜಿ ಕುಡಿಸುತ್ತಾರೆ, ಅಜ್ಜಿಯರಂತೂ ಹಾಗೇ. ನುಂಗುವುದು ಕಷ್ಟವಿರುವ ಮಗುವಿಗೆ ಇದು ಅಪಾಯ. ಗಂಜಿ ಶ್ವಾಸಕೋಶಕ್ಕೆ ಹೋಗಿ ಮೇಲಿಂದ ಮೇಲೆ ನ್ಯುಮೋನಿಯಾ ಬರಬಹುದು. ನೆಟ್ಟಗೆ ಕೂಡಿಸಿ, ಗದ್ದ ಸ್ವಲ್ಪ ಕೆಳಗಿರುವ ಹಾಗೆ ನೋಡಿಕೊಂಡು, ಚಿಕ್ಕ ಚಮಚದಲ್ಲಿ ಕೊಡಿ. ಪ್ರತಿ ತುತ್ತಿಗೂ ಕೆಮ್ಮು ಬರುತ್ತಿದ್ದರೆ ವಿಡಿಯೊ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಫೋನ್ ಹೇಗಿಡಬೇಕು ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೆಲದ ಮೇಲೆ, ಗೋಡೆಗೋ ಡಬ್ಬಿಗೋ ಆನಿಸಿ, ಅಡ್ಡ ಇಡಿ. ಐದಾರು ಅಡಿ ದೂರ, ಮಗು ಪಕ್ಕದಿಂದ ಕಾಣಬೇಕು. ಬಾಗಿಲು ಅವನ ಬೆನ್ನ ಹಿಂದೆ ಬಂದರೆ ನಮಗೆ ಕಪ್ಪು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವನು ಮಲಗಿ ಎದ್ದು, ಹೊಟ್ಟೆ ಭಾರವಿಲ್ಲದ ಹೊತ್ತು ನೋಡಿ. ಚಡ್ಡಿ ಮೊಣಕಾಲಿಗಿಂತ ಮೇಲಿರಲಿ. ನೆಟ್‌ವರ್ಕ್ ಕೈಕೊಡುವ ಊರಾದರೆ ಅವನು ಕೂಡುವುದು, ತೆವಳುವುದು, ಹಿಡಿದು ನಿಲ್ಲುವುದನ್ನು ಮೊದಲೇ ತೆಗೆದು ವಾಟ್ಸಾಪ್ ಮಾಡಿಬಿಡಿ. ತಡೆದು ತಡೆದು ಬರುವ ಕಾಲ್‌ಗಿಂತ ಅದು ಎಷ್ಟೋ ವಾಸಿ.

ಹಾಗಂತ ಎಲ್ಲವೂ ಫೋನ್‌ನಲ್ಲಿ ಮುಗಿಯುವುದಿಲ್ಲ. ಸ್ನಾಯು ಎಷ್ಟು ಸೆಟೆದಿದೆ ಅಂತ ತಿಳಿಯಲು ಕೈಯಿಂದ ಕಾಲನ್ನು ಆಡಿಸಿಯೇ ನೋಡಬೇಕು. ಮೊದಲ ತಪಾಸಣೆ, ಹಿಮ್ಮಡಿ, ಪಾದವನ್ನು ಸರಿಯಾಗಿ ಹಿಡಿದಿಡುವ ಎಎಫ್‌ಒ ಬೂಟಿನ ಅಳತೆ, ಸೆಟೆದ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಬೇಕೋ ಬೇಡವೋ ಅನ್ನುವುದು, ಇವು ಎದುರಾಎದುರು ಆಗಬೇಕಾದ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ಸೊಂಟದ ಕೀಲು. ಸಿ.ಪಿ. ಮಕ್ಕಳಲ್ಲಿ, ಅದರಲ್ಲೂ ಇನ್ನೂ ನಡೆಯದವರಲ್ಲಿ, ತೊಡೆ ಮೂಳೆಯ ಗುಂಡು ಕೀಲಿನಿಂದ ನಿಧಾನವಾಗಿ ಜಾರಬಹುದು. ಶುರುವಿನಲ್ಲಿ ನೋವೂ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ತಿಳಿಯುತ್ತದೆ. ನಿಮ್ಮ ಮಗನಿಗೆ ಇನ್ನೂ ತೆಗೆಸಿಲ್ಲವಾದರೆ ಮೊದಲು ಅದನ್ನು ಮಾಡಿಸಿ, ಥೆರಪಿಸ್ಟ್ ಯಾರು ಅನ್ನುವುದು ಆಮೇಲಿನ ಮಾತು.

ಇದಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅನ್ನುವ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ವಿಭಾಗ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೂ (ಬಿಆರ್‌ಸಿ) ವಿಚಾರಿಸಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಮಗ್ರ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರು ಅಲ್ಲೇ ಸಿಗುತ್ತಾರೆ, ಫಿಸಿಯೋಥೆರಪಿ ಶಿಬಿರಗಳು ಅಲ್ಲಿಂದಲೇ ನಡೆಯುತ್ತವೆ. ನನ್ನ ಮಟ್ಟಿಗೆ ವಿಡಿಯೊ ಕಾಲ್‌ನ ಅತಿ ಒಳ್ಳೆಯ ಬಳಕೆ ಇಲ್ಲೇ ಇದೆ: ಊರ ಹತ್ತಿರದ ಫಿಸಿಯೋ ಮಗುವನ್ನು ಹಿಡಿದಿರುತ್ತಾರೆ, ದೂರದ ತಜ್ಞರು ಪರದೆಯಲ್ಲಿ ಇರುತ್ತಾರೆ, ನೀವು ಪಕ್ಕದಲ್ಲಿ ಕೂತು ನೋಡುತ್ತೀರಿ. ಮುಟ್ಟಿ ಹೇಳುವವರು ಒಬ್ಬರು, ಅನುಭವದಿಂದ ಹೇಳುವವರು ಇನ್ನೊಬ್ಬರು. ಬೆಂಗಳೂರಿನವರು ಇದಕ್ಕೆ ಒಪ್ಪುತ್ತಾರಾ, ಕೇಳಿ ನೋಡಿ. ಒಳ್ಳೆಯವರು ಖುಷಿಯಿಂದ ಒಪ್ಪುತ್ತಾರೆ.

ಮಾತು ಕೂಡ ತಡವಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅಂತಾರೆ. 1965ರಿಂದ ಇರುವ ಸರ್ಕಾರಿ ಸಂಸ್ಥೆ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಒಮ್ಮೆ ಹೋಗಿ ತೋರಿಸಿ ಬನ್ನಿ. ಅವರು ದೂರದವರಿಗೆ ಆನ್‌ಲೈನ್‌ನಲ್ಲೂ ಥೆರಪಿ ಕೊಡುತ್ತಾರೆ.

ದುಡ್ಡಿನ ವಿಷಯ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? ಇಲ್ಲದಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅರ್ಜಿ ಹಾಕಿಸುವುದು ಅವರ ಕೆಲಸವೇ. ಸರ್ಕಾರದ ನಿರಾಮಯ ಆರೋಗ್ಯ ವಿಮೆ ಸಿ.ಪಿ. ಮಕ್ಕಳಿಗೂ ಸಿಗುತ್ತದೆ, ಒಂದು ಲಕ್ಷದವರೆಗೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ.

ಆ ಥೆರಪಿಸ್ಟ್‌ಗೆ ಇಡೀ ತಿಂಗಳ ಫೀಸು ಒಟ್ಟಿಗೆ ಕಟ್ಟಬೇಡಿ. ಒಂದು ಸೆಷನ್‌ಗೆ ಮಾತ್ರ ಕೊಡಿ. ಮಗನ ವಿಡಿಯೊಗಳನ್ನು, ಎಕ್ಸ್‌ರೇ ಫೋಟೊವನ್ನು ಮುಂಚೆಯೇ ಕಳಿಸಿ. ಅವನ ದಿನ ಹೇಗೆ ಹೋಗುತ್ತದೆ, ಎಲ್ಲಿ ಮಲಗುತ್ತಾನೆ, ಯಾರು ಎತ್ತಿಕೊಳ್ಳುತ್ತಾರೆ ಅಂತ ಕೇಳಿದರೆ ಮುಂದುವರಿಸಿ. ಅವನನ್ನು ಸರಿಯಾಗಿ ನೋಡುವ ಮುಂಚೆಯೇ ವ್ಯಾಯಾಮದ ಪಿಡಿಎಫ್ ಕಳಿಸಿ "ದಿನಾ ಮಾಡಿಸಿ" ಅಂದರೆ ಬೇರೆಯವರನ್ನು ಹುಡುಕಿ.