ಇದೆ ಅಂತ ಬರಿ, ಉಂಟು ಅಂತ ಹೇಳು

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ನಿಮ್ಮ ಮಂಗಳೂರು ಕಡೆ ಮಕ್ಕಳ ಮನೆಯಲ್ಲಿ ಕನ್ನಡವೇ ಇಲ್ಲ, ಆದ್ರೂ ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ 125ಕ್ಕೆ 125 ಹೇಗೆ ತೆಗೀತಾರೆ ಕಣೇ, ಬಾಯಿಪಾಠನಾ?" ಅಂತ. ಆಗ ಕುಕ್ಕರ್ ಕೂಗಿತು, ಉತ್ತರ ಅಲ್ಲಿಗೇ ನಿಂತಿತು. ಆದರೆ ಆ "ಬಾಯಿಪಾಠನಾ" ರಾತ್ರಿಯವರೆಗೂ ಚುಚ್ಚುತ್ತಾ ಇತ್ತು.

ಬಾಯಿಪಾಠ ಇಲ್ಲವೇ ಇಲ್ಲ ಅಂತ ನಾನು ಆಣೆ ಹಾಕುವುದಿಲ್ಲ. 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು ಬಂದದ್ದರಲ್ಲಿ ಅದರ ಪಾಲೂ ಇರಬಹುದು. ಆದರೆ ಮನೆಯಲ್ಲಿ ಇಲ್ಲದ ಭಾಷೆಯನ್ನು ನಮ್ಮ ಮಕ್ಕಳು ಪುಸ್ತಕದಿಂದ, ಪೇಪರಿನಿಂದ, ಆಟದಿಂದ ಹೆಕ್ಕಿಕೊಳ್ಳುತ್ತಾರೆ. ಆಟ ಅಂದರೆ ಯಕ್ಷಗಾನ, ಕ್ರಿಕೆಟ್ ಅಲ್ಲ. ಒಂದು ಇಂಗ್ಲಿಷ್ ಶಬ್ದ ಬಾರದ ಹಾಗೆ ರಾತ್ರಿಯಿಡೀ ಮಾತಾಡುವ ವೇಷಧಾರಿಗಳನ್ನು ನೋಡಿ ಬೆಳೆದವರು. ಕಳೆದ ವರ್ಷ ಒಬ್ಬ ಹುಡುಗ, ಮನೆಯಲ್ಲಿ ಪೂರ್ತಿ ತುಳು, ಬೆಂಚಿನ ಪಕ್ಕದವನಿಗೆ ಹೇಳುತ್ತಿದ್ದ: "ಎಲವೋ, ನನ್ನ ರಬ್ಬರನ್ನು ಅಪಹರಿಸಿದವನು ನೀನೇ ಅಲ್ಲವೇ?" ಇವನಿಗೆ ನಾನು ಯಾವ ಕನ್ನಡ ಕಲಿಸಬೇಕು ಹೇಳು.

ಇವರಿಗೆ ದೊಡ್ಡ ಶಬ್ದಗಳು ಕಷ್ಟವೇ ಅಲ್ಲ. ನಾವು ದಿನಾ ಬಡಿದಾಡುವುದು ಎರಡಕ್ಷರದ ಒಂದು ಶಬ್ದದ ಜೊತೆ. ಅದು "ಇದೆ".

ನಗಬೇಡ. ನನ್ನ ಎಂಟನೇ ತರಗತಿಯಲ್ಲಿ ಸುಮ್ನೆ ಒಮ್ಮೆ ಕೂತು ನೋಡು. ತುಳು ಮಕ್ಕಳು ಮನೆಯಲ್ಲಿ "ಉಂಡು" ಅನ್ನುತ್ತಾರೆ, ಬ್ಯಾರಿ ಮಕ್ಕಳದ್ದೂ ಹೆಚ್ಚು ಕಡಿಮೆ ಅದೇ. ಕ್ರಿಶ್ಚಿಯನ್ ಮಕ್ಕಳ ಕೊಂಕಣಿಯಲ್ಲಿ "ಆಸಾ". ಒಬ್ಬಳು ಹವ್ಯಕರ ಹುಡುಗಿ, ಅವಳಿಗೆ "ಇದ್ದು". ಕುಂದಾಪುರದಿಂದ ಬಂದವನಿಗೆ "ಇತ್ತ್". ಕಟ್ಟಡದ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರ ಮಕ್ಕಳು ಐದು ಜನ, ಅವರಿಗೆ "ಐತಿ". ಇಷ್ಟು ಜನರಲ್ಲಿ "ಇದೆ" ಅನ್ನುವ ಮನೆ ಒಂದೂ ಇಲ್ಲ. ಅದು ನಿನ್ನ ಮನೆಯ ಶಬ್ದ. ಪಾಠಪುಸ್ತಕದ ಜೊತೆ ಲಾರಿಯಲ್ಲಿ ಘಾಟಿ ಇಳಿದು ಬರುತ್ತದೆ.

ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಒಬ್ಬ ಬರೆದಿದ್ದ: "ನಮ್ಮ ಮನೆಯಲ್ಲಿ ನಾಯಿ ಉಂಡು." ಅಷ್ಟೇ, ಚುಕ್ಕಿ. "ಉಂಡು ಆಮೇಲೆ ಏನು ಮಾಡಿತು?" ಅಂತ ಕೇಳಿದೆ. ಅವನು ಕಣ್ಣು ಬಿಟ್ಟ. ತುಳುವಿನಲ್ಲಿ ನಾಯಿ ಇದ್ದರೆ ಸಾಕು, ಉಣ್ಣಬೇಕಾಗಿಲ್ಲ. ಕುಂದಾಪುರದವನದ್ದು ಇನ್ನೊಂದು ತರ. "ಅಜ್ಜಿ ಮನೆಯಲ್ಲಿ ದನ ಇತ್ತು" ಅಂತ ಬರೆದಿದ್ದ. "ಈಗ ಇಲ್ವಾ, ಮಾರಿದರಾ?" ಅಂದೆ. "ಇಲ್ಲ ಟೀಚರ್, ಇತ್ತ್! ಈಗ್ಲೂ ಇತ್ತ್!" ಅಂತ ಅಳುವುದೊಂದೇ ಬಾಕಿ. ಅವರ ಊರಲ್ಲಿ ಇವತ್ತಿನ ದನವೂ "ಇತ್ತ್".

ಸ್ವಲ್ಪ ದೊಡ್ಡವರಾದ ಮೇಲೆ ಎಲ್ಲರೂ ಬಂದು ಸೇರುವುದು "ಉಂಟು" ಎಂಬಲ್ಲಿ. ಮಂಗಳೂರಿನ ಬಸ್ಸು, ಅಂಗಡಿ, ಮೀನು ಮಾರ್ಕೆಟ್, ಎಲ್ಲ ಕಡೆ ಕನ್ನಡ ಅಂದರೆ ಇದೇ. "ನನಗೆ ಜ್ವರ ಉಂಟು, ರಜೆ ಕೊಡಬೇಕು" ಅಂತ ರಜೆ ಅರ್ಜಿ ಬರೆಯುತ್ತಾರೆ. ನಾನು ಕೆಂಪು ಗೆರೆ ಎಳೆದು "ಇದೆ" ಅಂತ ತಿದ್ದುತ್ತೇನೆ. ಮರುದಿನ ಅದೇ ಹುಡುಗಿ "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ" ಅಂತ ಬಸವಣ್ಣನವರ ವಚನ ಒಪ್ಪಿಸಿ ಕೇಳುತ್ತಾಳೆ, "ಟೀಚರ್, ಇದರಲ್ಲಿ ಉಂಟು ಉಂಟಲ್ಲ? ಇದಕ್ಕೆ ಮಾರ್ಕ್ಸ್ ಹೋಗುವುದಿಲ್ವಾ?" ಏನು ಹೇಳಲಿ? ಬಸವಣ್ಣನವರು ಪರೀಕ್ಷೆ ಬರೆಯಲಿಕ್ಕಿಲ್ಲ, ನಿನಗೆ ಉಂಟು ಅಂದೆ.

2010ರಿಂದ ಇಲ್ಲಿ ತುಳುವನ್ನು ತೃತೀಯ ಭಾಷೆಯಾಗಿ ಕಲಿಯಬಹುದು. ಒಳ್ಳೆಯದೇ. ತುಂಬಾ ಜನ ಅಪ್ಪ ಅಮ್ಮ "ಅದು ಮನೆಯಲ್ಲೇ ಬರುತ್ತದಲ್ಲ, ಹಿಂದಿಯೇ ಇರಲಿ" ಅನ್ನುತ್ತಾರೆ, ಅದು ಬೇರೆ ಸಂಗತಿ. ಆದರೆ ತುಳುವಿನ ಪುಸ್ತಕವೂ ಕನ್ನಡ ಲಿಪಿಯಲ್ಲೇ. ಒಂದು ಪೀರಿಯಡ್‌ನಲ್ಲಿ "ಉಂಡು" ಬರೆದರೆ ಸರಿ, ಬೆಲ್ ಹೊಡೆದ ಮೇಲೆ ಅದೇ ಅಕ್ಷರದಲ್ಲಿ ಬರೆದರೆ ತಪ್ಪು.

ಒಮ್ಮೆ ಹೊರ ಜಿಲ್ಲೆಯಿಂದ ಬಂದಿದ್ದ ಸಾಹೇಬರೊಬ್ಬರು ನೋಟ್ಸ್ ತಿರುವಿ, "ಏನ್ ಮೇಡಂ ಇದು, ಉಂಟು ಉಂಟು ಅಂತ. ಅರ್ಧ ಕನ್ನಡ. ನೀವು ತಿದ್ದಲ್ವಾ?" ಅಂದರು. ಗಾಬರಿಯಲ್ಲಿ ನನ್ನ ಬಾಯಿಂದಲೂ "ತಿದ್ದಲಿಕ್ಕೆ ಉಂಟು ಸರ್" ಅಂತಲೇ ಬಂತು. ಹಿಂದಿನ ಬೆಂಚಿನವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಅರ್ಧ ಕನ್ನಡವಂತೆ! ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಈ ಊರಿನಿಂದ. ಕಿಟೆಲರ ಪದಕೋಶ 1894ರಲ್ಲಿ ಅಚ್ಚಾದದ್ದು ಇಲ್ಲೇ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಅದರಲ್ಲೂ "ಉಂಟು" ಉಂಟು. ನೀನೂ ಸಿಟ್ಟು ಬಂದಾಗ "ಎಲ್ಲಾದ್ರೂ ಉಂಟಾ" ಅನ್ನುತ್ತೀ, ನಾನು ಕೇಳಿದ್ದೇನೆ. ಇದನ್ನೆಲ್ಲ ಆ ಸಾಹೇಬರಿಗೆ ಹೇಳಬೇಕಿತ್ತು. ಹೊಳೆದದ್ದು ಮನೆಗೆ ಬರುವ ಬಸ್ಸಿನಲ್ಲಿ.

ಹಾಗಂತ ನಾಳೆಯಿಂದ ತಿದ್ದುವುದಿಲ್ಲ ಅಂತಲ್ಲ. ಪೇಪರ್ ನೋಡುವವರು ಯಾವ ಊರಿನವರೋ. ಮಗುವಿನ ಅರ್ಧ ಮಾರ್ಕನ್ನು ನನ್ನ ಹಠಕ್ಕೆ ಕಳೆಯಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಬರೆಯುವಾಗ "ಇದೆ", ಹೇಳುವಾಗ "ಉಂಟು" ಅಂತ ತರಗತಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ವಾರಕ್ಕೆ ನಾಲ್ಕು ದಿನ ಮುರಿದು ಬೀಳುತ್ತದೆ.

ಕಳೆದ ಶನಿವಾರ ಪೋಷಕರ ಸಭೆ ಇತ್ತು. ಆ ಬಾಗಲಕೋಟೆಯ ಮಕ್ಕಳಲ್ಲಿ ಒಬ್ಬಳ ಅಪ್ಪ ಬಂದಿದ್ದರು. ಸೆಂಟ್ರಿಂಗ್ ಕೆಲಸ, ಅಂಗಿಯ ತೋಳಲ್ಲಿ ಇನ್ನೂ ಸಿಮೆಂಟು. "ಟೀಚರ್, ಈಕಿ ಈಗ ಮನ್ಯಾಗ ಐತಿ ಅನ್ನೂದ ಬಿಟ್ಟಾಳ್ರಿ. ಎಲ್ಲಾ ಉಂಟು ಉಂಟು ಅಂತಾಳ. ಅದೂ ಕನ್ನಡಾನ ಹೌದಲ್ರಿ?" ಅಂದರು. ಮುಖದಲ್ಲಿ ಹೆಮ್ಮೆಯೋ ಹೆದರಿಕೆಯೋ ಗೊತ್ತಾಗಲಿಲ್ಲ.

"ಹೌದು, ಕನ್ನಡವೇ" ಅಂದೆ. ಅವಳ ನೋಟ್ಸು ನಮ್ಮಿಬ್ಬರ ನಡುವೆ ಮೇಜಿನ ಮೇಲೆ ತೆರೆದೇ ಇತ್ತು. ನಾಲ್ಕನೇ ಸಾಲಿನ ಕೆಂಪು ಗೆರೆಯ ಮೇಲೆ ಮೆಲ್ಲ ಕೈ ಇಟ್ಟುಕೊಂಡೆ.