ಹನೋಯಿಯ ಸಣ್ಣ ಹೋಟೆಲ್‌ಗಳಲ್ಲಿ ಮೆನು ಇಲ್ಲದೆ, ಭಾಷೆ ಬಾರದೆ ತಿನ್ನುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮೊದಲ ಸಲ ವಿಯೆಟ್ನಾಮ್‌ನ ಹನೋಯಿಗೆ ಹೋಗುತ್ತಿದ್ದೀರಿ, ಜೊತೆಗೆ ಅಮ್ಮ. ರಸ್ತೆ ಬದಿಯ ಸಣ್ಣ ಹೋಟೆಲ್‌ಗಳಲ್ಲೇ ತಿನ್ನಬೇಕು ಅಂತ ಆಸೆ, ಆದರೆ ಅಲ್ಲಿ ಮೆನು ಇರುವುದಿಲ್ಲ, ಭಾಷೆ ಬರುವುದಿಲ್ಲ, ನೀವು ದನದ ಮಾಂಸ ಮುಟ್ಟುವುದಿಲ್ಲ, ಅಮ್ಮ ಪೂರ್ತಿ ಸಸ್ಯಾಹಾರಿ. ಧೈರ್ಯ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿ. ನಾನು ಕೆಲಸದ ಮೇಲೆ ಹತ್ತು ತಿಂಗಳು ಅಲ್ಲಿದ್ದೆ, ದಿನದ ಎರಡು ಹೊತ್ತು ಇಂಥ ಹೋಟೆಲ್‌ಗಳಲ್ಲೇ ತಿಂದಿದ್ದೇನೆ.

ಮೊದಲು ಒಂದು ವಿಷಯ. ಒಂದೇ ತಿಂಡಿ ಮಾಡುವ ಹೋಟೆಲ್ ಹುಡುಕಿ. ಹನೋಯಿಯ ಒಳ್ಳೆಯ ಸಣ್ಣ ಹೋಟೆಲ್‌ಗಳಲ್ಲಿ ಮೆನು ಇಲ್ಲದಿರುವುದಕ್ಕೆ ಕಾರಣವೇ ಅದು. ಅಲ್ಲಿ ಮಾಡುವುದೇ ಒಂದು ಪದಾರ್ಥ, ಅದನ್ನೇ ವರ್ಷಗಟ್ಟಲೆ ಮಾಡಿರುತ್ತಾರೆ. ನೀವು ಹೋಗಿ ಕೂತರೆ ಸಾಕು, ಅದೇ ಆರ್ಡರ್. ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿದರೆ ಮುಗಿಯಿತು. ಪ್ರವಾಸಿಗರಿಗೆ ಅಂತ ಫೋಟೋ ಹಾಕಿ ನಲವತ್ತು ಬಗೆಯ ತಿಂಡಿ ಬರೆದಿರುವ ಕಡೆ ನನಗೆ ಒಂದು ಸಲವೂ ನೆನಪಿಡುವಂಥದ್ದು ಸಿಕ್ಕಿಲ್ಲ.

ಬೋರ್ಡ್ ಓದುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ವಿಯೆಟ್ನಾಮೀಸ್ ಭಾಷೆ ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲೇ, ಮೇಲೆ ಕೆಳಗೆ ಚಿಕ್ಕ ಗುರುತುಗಳು ಇರುತ್ತವೆ ಅಷ್ಟೆ. ಜಿ, ಎ ಅಂತ ಎರಡೇ ಅಕ್ಷರ ಇದ್ದರೆ ಅದು ‘ಗಾ’, ಕೋಳಿ. ಬಿ, ಓ ಇದ್ದರೆ ‘ಬೊ’, ದನ. ಸಿ, ಎಚ್, ಎ, ವೈ ಇದ್ದರೆ ‘ಚಯ್’, ಅಂದರೆ ಸಸ್ಯಾಹಾರ. ಹಂದಿಗೆ ಹನೋಯಿಯಲ್ಲಿ ‘ಲೊನ್’ ಅನ್ನುತ್ತಾರೆ, ದಕ್ಷಿಣದ ಸೈಗಾನ್ ಕಡೆ ಹೋದರೆ ‘ಹೆಯೊ’ ಆಗುತ್ತದೆ. ಈ ನಾಲ್ಕು ಶಬ್ದ ಬಾಯಿಪಾಠ ಮಾಡಿಕೊಂಡರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ನಿಮಗೆ ನಾನು ಹೇಳುವುದು ‘ಫೋ ಗಾ’, ಕೋಳಿ ಫೋ. ಫೋ ಅಂದರೆ ಅಕ್ಕಿ ನೂಡಲ್ಸ್ ಹಾಕಿದ ಬಿಸಿ ಸಾರು. ದನದ ಮೂಳೆಯ ಫೋ ಜಾಸ್ತಿ ಹೆಸರುವಾಸಿ, ಆದ್ದರಿಂದ ಎರಡೂ ಮಾಡುವ ಕಡೆ ಸಾರು ಬೆರೆಯುವ ಸಾಧ್ಯತೆ ಇದ್ದೇ ಇರುತ್ತದೆ. ಬೋರ್ಡಿನಲ್ಲಿ ‘ಫೋ ಗಾ’ ಮಾತ್ರ ಇರುವ ಹೋಟೆಲ್ ಹುಡುಕಿ. ಗುರುತು ಸುಲಭ. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಬೇಯಿಸಿದ ಹಳದಿ ಕೋಳಿಗಳು ಇರುತ್ತವೆ, ಪಕ್ಕದಲ್ಲಿ ದಪ್ಪ ಮರದ ತುಂಡು, ಅದರ ಮೇಲೆ ಕತ್ತಿ.

ನಾನು ದಿನಾ ಹೋಗುತ್ತಿದ್ದ ಕಡೆ ಒಬ್ಬ ಅಕ್ಕ ಇದ್ದರು. ಅವರ ಕೈ ನೋಡುತ್ತಾ ನಿಲ್ಲುವುದೇ ನನಗೆ ಇಷ್ಟ. ಉದ್ದ ಹಿಡಿಕೆಯ ಜರಡಿಯಲ್ಲಿ ಒಂದು ಹಿಡಿ ನೂಡಲ್ಸ್ ಹಾಕಿ ಕುದಿಯುವ ನೀರಲ್ಲಿ ಅದ್ದುತ್ತಾರೆ, ನಾಲ್ಕೈದು ಸಲ ಕುಲುಕಿ ನೀರು ಬಸಿಯುತ್ತಾರೆ, ಬಟ್ಟಲಿಗೆ ಸುರಿಯುತ್ತಾರೆ. ಮೇಲೆ ಕೋಳಿ ತುಂಡು, ಹೆಚ್ಚಿದ ಈರುಳ್ಳಿ ಸೊಪ್ಪು, ಕೊನೆಗೆ ಕೂದಲಿನಷ್ಟು ಸಣ್ಣಗೆ ಹೆಚ್ಚಿದ ನಿಂಬೆ ಎಲೆ. ಆಮೇಲೆ ದೊಡ್ಡ ಹಂಡೆಯಿಂದ ಒಂದು ಸೌಟು ಸಾರು. ಸಾರು ಬಿದ್ದ ತಕ್ಷಣ ಆ ನಿಂಬೆ ಎಲೆಯ ಘಮ ಮುಖಕ್ಕೆ ಬರುತ್ತದೆ. ಫೆಬ್ರವರಿಯ ಬೆಳಿಗ್ಗೆ, ಹೊರಗೆ ಜಿಟಿಜಿಟಿ ಮಳೆ, ಕೈ ಮರಗಟ್ಟುವ ಚಳಿ, ಮುಂದೆ ಆ ಬಟ್ಟಲು. ಅದಕ್ಕಿಂತ ಒಳ್ಳೆಯ ತಿಂಡಿ ನಾನು ಆ ಊರಲ್ಲಿ ತಿಂದಿಲ್ಲ.

ಬಟ್ಟಲು ಬಂದ ತಕ್ಷಣ ಮೇಜಿನ ಮೇಲಿರುವುದನ್ನೆಲ್ಲ ಸುರಿಯಬೇಡಿ, ದಯವಿಟ್ಟು. ಮೊದಲು ಬರೀ ಸಾರು ಎರಡು ಚಮಚ ಕುಡಿಯಿರಿ. ಗಂಟೆಗಟ್ಟಲೆ ಮೂಳೆ ಕುದಿಸಿ, ಶುಂಠಿ, ಈರುಳ್ಳಿ ಸುಟ್ಟು ಹಾಕಿ ಮಾಡಿದ ಸಾರು ಅದು. ರುಚಿ ಗೊತ್ತಾದ ಮೇಲೆ ನಿಂಬೆ ಹಿಂಡಿ, ಹಸಿಮೆಣಸು ಹಾಕಿ, ಬೆಳ್ಳುಳ್ಳಿ ನೆನೆಸಿದ ವಿನೆಗರ್ ಇರುತ್ತದೆ, ಅದನ್ನೂ ಸ್ವಲ್ಪ ಹಾಕಿ. ಬಿಸಿ ಇರುವಾಗಲೇ ತಿನ್ನಬೇಕು, ತಡ ಮಾಡಿದರೆ ನೂಡಲ್ಸ್ ಉಬ್ಬಿ ಮೆತ್ತಗಾಗುತ್ತದೆ. ವಿಡಿಯೋಗಳಲ್ಲಿ ನೋಡಿದ ಹಾಗೆ ತಟ್ಟೆ ತುಂಬಾ ಸೊಪ್ಪು, ಮೊಳಕೆ ಕಾಳು, ಸಿಹಿ ಸಾಸ್ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ, ಅದು ದಕ್ಷಿಣದ ರೂಢಿ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಹೋದ ಲಕ್ಷಾಂತರ ಜನರ ಜೊತೆ ಫೋ ಕೂಡ ದಕ್ಷಿಣದಲ್ಲಿ ಎಲ್ಲೆಡೆ ಹರಡಿತು, ಅಲ್ಲಿ ಬೇರೆ ರೂಪ ಪಡೆಯಿತು. ಹನೋಯಿಯವರು ಸಾರಿನ ರುಚಿ ಮುಚ್ಚಬಾರದು ಅನ್ನುವವರು. ನಾನೂ ಅವರ ಪಕ್ಷ.

ಹಂದಿ ಮಾಂಸ ತಿನ್ನುತ್ತೀರಾದರೆ ಮಧ್ಯಾಹ್ನಕ್ಕೆ ‘ಬುನ್ ಚಾ’ ಇದೆ. ಕೆಂಡದ ಮೇಲೆ ಸುಟ್ಟ ಮಾಂಸ, ಸಿಹಿ ಹುಳಿ ಸಾರು, ಪಕ್ಕದಲ್ಲಿ ಒತ್ತು ಶಾವಿಗೆಯ ಥರದ ಅಕ್ಕಿ ಶಾವಿಗೆ. 2016ರಲ್ಲಿ ಒಬಾಮ ಹನೋಯಿಗೆ ಬಂದಾಗ ಊರೂರು ಸುತ್ತಿ ತಿನ್ನುವ ಟಿವಿ ಕಾರ್ಯಕ್ರಮ ಮಾಡುತ್ತಿದ್ದ ಆಂಥನಿ ಬೋರ್ಡೇನ್ ಜೊತೆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ತಿಂದದ್ದು ಇದನ್ನೇ. ಬಿಲ್ 6 ಡಾಲರ್.

ಈಗ ಅಮ್ಮನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಮಾಮೂಲಿ ಹೋಟೆಲ್‌ನಲ್ಲಿ ‘ಮಾಂಸ ಬೇಡ’ ಅಂತ ಹೇಳಿದರೆ ಮಾಂಸದ ತುಂಡು ತೆಗೆದು ಅದೇ ಮೂಳೆ ಸಾರು ಕೊಡುತ್ತಾರೆ. ಮೋಸ ಅಲ್ಲ, ಅವರ ಲೆಕ್ಕದಲ್ಲಿ ಮಾಂಸ ಇಲ್ಲ ಅಂದರೆ ಅಷ್ಟೇ. ಸುಮ್ನೆ ಹುರಿದ ಸೊಪ್ಪಿಗೂ ‘ನುವೊಕ್ ಮಾಮ್’ ಹಾಕಿರುತ್ತಾರೆ, ಅದು ಉಪ್ಪಲ್ಲಿ ಮೀನು ಕೊಳೆಸಿ ತೆಗೆದ ರಸ. ಅದಕ್ಕೇ ಅಮ್ಮನಿಗೆ ‘ಕೊಮ್ ಚಯ್’ ಅಂತ ಬೋರ್ಡ್ ಇರುವ ಹೋಟೆಲ್ ಮಾತ್ರ. ಕೊಮ್ ಅಂದರೆ ಅನ್ನ. ಬೌದ್ಧರು ನಡೆಸುವ ಇಂಥವು ಬೇಕಾದಷ್ಟಿವೆ. ಅನ್ನ, ತೋಫು, ಅಣಬೆ, ಸೊಪ್ಪಿನ ಪಲ್ಯ, ಹತ್ತಾರು ತಟ್ಟೆ ಜೋಡಿಸಿಟ್ಟಿರುತ್ತಾರೆ, ಬೆರಳು ತೋರಿಸಿದ್ದನ್ನು ಬಡಿಸುತ್ತಾರೆ. ಒಂದು ಮಾತು ಅಮ್ಮನಿಗೆ ಮೊದಲೇ ಹೇಳಿಡಿ. ಅಲ್ಲಿ ಮಾಂಸದ ಹಾಗೆ, ಮೀನಿನ ಹಾಗೆ ಕಾಣುವ ತುಂಡುಗಳೂ ಇರುತ್ತವೆ. ಎಲ್ಲ ಸೋಯಾ, ಗೋಧಿಯಲ್ಲಿ ಮಾಡಿದ್ದು. ನನ್ನ ಅಮ್ಮ ಬಂದಿದ್ದಾಗ ತಟ್ಟೆ ನೋಡಿ ಹೆದರಿ ಎದ್ದೇ ಬಿಟ್ಟಿದ್ದರು, ಪಾಪ, ಸಮಾಧಾನ ಮಾಡಲು ಹತ್ತು ನಿಮಿಷ ಬೇಕಾಯಿತು. ಅವರ ಚಾಂದ್ರಮಾನದ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ, ಎಷ್ಟೋ ಜನ ಮಾಂಸ ಬಿಡುತ್ತಾರೆ. ಆ ದಿನ ಚಯ್ ಹೋಟೆಲ್‌ಗಳಲ್ಲಿ ಜಾಗ ಸಿಗುವುದು ಕಷ್ಟ, ಬೇಗ ಹೋಗಿ.

ಹೋಟೆಲ್‌ನವರನ್ನು ಕರೆಯುವುದು ಹೇಗೆ ಅಂತಲೂ ಕೇಳಿದ್ದೀರಿ. ಇದು ನಮಗೆ ಬಲು ಸುಲಭ, ಯಾಕೆಂದರೆ ಅವರೂ ನಮ್ಮ ಹಾಗೆ ಅಕ್ಕ, ಅಣ್ಣ ಅಂತಲೇ ಕರೆಯುವುದು. ‘ಚಿ ಒಯ್’ ಅಂದರೆ ಅಕ್ಕಾ, ‘ಆನ್ ಒಯ್’ ಅಂದರೆ ಅಣ್ಣಾ, ಚಿಕ್ಕವರಾದರೆ ‘ಎಮ್ ಒಯ್’. ನಮ್ಮ ದೊಡ್ಡಮ್ಮ, ದೊಡ್ಡಪ್ಪನ ವಯಸ್ಸಿನವರಿಗೆ ‘ಬಾಕ್ ಒಯ್’. ಗಟ್ಟಿಯಾಗಿ ಕರೆಯಬೇಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಂಕೋಚಪಟ್ಟು ಕೈ ಎತ್ತಿ ಕೂತರೆ ಹಾಗೇ ಕೂತಿರುತ್ತೀರಿ.

ದುಡ್ಡು. ನಮ್ಮ 1 ರೂಪಾಯಿಗೆ ಸುಮಾರು 300 ಡಾಂಗ್. ನಾನು ತಿನ್ನುತ್ತಿದ್ದ ಫೋ 45,000 ಡಾಂಗ್, ಅಂದರೆ ಸುಮಾರು 150 ರೂಪಾಯಿ. ಬೋರ್ಡಿನಲ್ಲಿ 45ರ ಮುಂದೆ ‘ಕೆ’ ಅಂತ ಇದ್ದರೆ ಅದು ಸಾವಿರ. ತಿಂದಾದ ಮೇಲೆ ಕೊಡುವುದು ರೂಢಿ, ಟಿಪ್ಸ್ ಕೊಡುವ ಅಭ್ಯಾಸ ಇಲ್ಲ. ಪ್ಯಾಕೆಟ್ಟಿನ ಒದ್ದೆ ಟಿಶ್ಯೂ ಒಡೆದರೆ ಎರಡು ಮೂರು ಸಾವಿರ ಬಿಲ್ಲಿಗೆ ಸೇರಬಹುದು.

ಒಂದೇ ಒಂದು ಜಾಗದಲ್ಲಿ ನೀವು ನಿಜವಾಗಿ ಎಡವಬಹುದು. 20,000ದ ನೋಟು, 5,00,000ದ ನೋಟು, ಎರಡೂ ನೀಲಿ. ನನ್ನ ಎರಡನೇ ವಾರ, ಆ ಅಕ್ಕನಿಗೇ ಎರಡು ನೀಲಿ ನೋಟು, ಒಂದು ಐದು ಸಾವಿರದ ನೋಟು ಕೊಟ್ಟು ಹೊರಟೆ. ರಸ್ತೆಯ ಆ ಬದಿಗೆ ಹೋಗಿದ್ದೆ, ಹಿಂದಿನಿಂದ ‘ಎಮ್ ಒಯ್! ಎಮ್ ಒಯ್!’ ಅಂತ ಕೂಗು. ಕೋಳಿ ಕತ್ತರಿಸುವ ಎಣ್ಣೆ ಕೈಯಲ್ಲೇ ಓಡಿ ಬಂದಿದ್ದರು. ಎರಡು ನೋಟನ್ನೂ ಅಕ್ಕಪಕ್ಕ ಹಿಡಿದು, ಬೆರಳಿಟ್ಟು ಒಂದೊಂದೇ ಸೊನ್ನೆ ಎಣಿಸಿ ತೋರಿಸಿದರು. ಒಂದು 5,00,000 ಆಗಿತ್ತು. ಅದನ್ನು ನನ್ನ ಕೈಗೆ ವಾಪಸ್ ಇಟ್ಟು, 20,000 ಇಸಿದುಕೊಂಡು ಹಂಡೆಯ ಹತ್ತಿರ ಹೋದರು. ಅಲ್ಲಿ ಇಬ್ಬರು ಬಟ್ಟಲಿಗೆ ಕಾಯುತ್ತಿದ್ದರು. ಅವತ್ತಿನಿಂದ ದೊಡ್ಡ ನೋಟನ್ನು ಬೇರೆ ಜೇಬಲ್ಲಿ ಇಡುತ್ತಿದ್ದೆ, ನೀವೂ ಹಾಗೇ ಮಾಡಿ.

ಸಮಯ ಮರೆಯಬೇಡಿ. ಬೆಳಗಿನ ಹೋಟೆಲ್‌ಗಳಲ್ಲಿ ಎಷ್ಟೋ ಕಡೆ ಹಂಡೆ ಖಾಲಿ ಆದರೆ ಬಾಗಿಲು ಹಾಕುತ್ತಾರೆ. ಏಳು, ಏಳೂವರೆಗೆ ಹೋಗಿ. ಅಮ್ಮನಿಗೆ ಆ ಚಿಕ್ಕ ಸ್ಟೂಲ್ ಮೇಲೆ ಮಂಡಿ ನೋವು ಬರುತ್ತದೆ ಅಂತಾದರೆ ಎರಡು ಸ್ಟೂಲ್ ಒಂದರ ಮೇಲೊಂದು ಇಟ್ಟು ಕೂರಿಸಿ, ಅಲ್ಲಿನ ಹಿರಿಯರೂ ಹಾಗೇ ಕೂರುವುದನ್ನು ನೋಡಿದ್ದೇನೆ.